ಆಟಿಯಲ್ಲಿ ಬಡ್ಡಿ ಲೆಕ್ಕ

ಆಟಿ ತಿಂಗಳಲ್ಲಿ ಶುಭಕಾರ್ಯ ಕೂಡದೆಂದು ತುಳುನಾಡಿನಲ್ಲಿ ಮದುವೆ, ಗೃಹಪ್ರವೇಶಗಳನ್ನೆಲ್ಲ ಮುಂದಕ್ಕೆ ಹಾಕುತ್ತಾರೆ. ಸಂಬಳದಾರರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಲು ಮಾಮೂಲಿ ಕೊನೆಯ ದಿನ ಜುಲೈ 31, ಅಂದರೆ ಸರಿಯಾಗಿ ಆಟಿಯ ನಡುವೆ. ಅದನ್ನು ಶುಭಕಾರ್ಯವೆಂದು ಯಾರೂ ಹೇಳದ ಕಾರಣ ಆಕ್ಷೇಪವೂ ಬಂದಿಲ್ಲ.

ಸಂಬಳದಿಂದ ಹಿಡಿದ ತೆರಿಗೆಯ ಲೆಕ್ಕ ತೋರಿಸುವ ಫಾರ್ಮ್ 16 ಜೂನ್ 15ರೊಳಗೆ ಕೈಗೆ ಬರಬೇಕು, ಹೆಚ್ಚಾಗಿ ಬರುತ್ತದೆ. ಅಲ್ಲಿಗೆ "ಆಯ್ತಲ್ಲ ಮಾರಾಯ್ರೆ" ಎಂದು ಕಾಲು ಚಾಚುವವರು ಬೇರೆ ಜಿಲ್ಲೆಯವರಾದರೆ ಬಚಾವ್. ನಮ್ಮಲ್ಲಿ ಬಡ್ಡಿ ಉಂಟು.

ಕೆನರಾ ಬ್ಯಾಂಕ್ ಹುಟ್ಟಿದ್ದು 1906ರಲ್ಲಿ ಮಂಗಳೂರಿನಲ್ಲಿ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್. ಆಮೇಲೆ 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಬ್ಯಾಂಕುಗಳನ್ನು ಹೆತ್ತ ಊರಿನಲ್ಲಿ ಒಂದೇ ಪಾಸ್‌ಬುಕ್ ಇಟ್ಟುಕೊಂಡರೆ ನೆಂಟರು ಎಂತ ಹೇಳಿಯಾರು? ಜತೆಗೆ ಪಿಗ್ಮಿ, ಸೊಸೈಟಿಯ ಠೇವಣಿ. ಬ್ಯಾಂಕು ಬಡ್ಡಿಯಿಂದಲೇ ಹಿಡಿಯುವ ತೆರಿಗೆ, ಅಂದರೆ ಟಿಡಿಎಸ್ ತಪ್ಪಿಸಲೆಂದೇ ದುಡ್ಡನ್ನು ನಾಲ್ಕು ಕಡೆ ಹಂಚಿಡುವ ಜಾಣರೂ ಇದ್ದಾರೆ. ಒಂದು ಬ್ಯಾಂಕಿನಲ್ಲಿ ವರ್ಷದ ಬಡ್ಡಿ 50,000 ದಾಟದಿದ್ದರೆ (ಹಿರಿಯರಿಗೆ 1 ಲಕ್ಷ) ಟಿಡಿಎಸ್ ಇಲ್ಲ, ನಿಜ. ಆದರೆ ತೆರಿಗೆ ಇಲ್ಲವೆಂದು ಯಾರೂ ಹೇಳಿಲ್ಲ. ನಾಲ್ಕೂ ಬ್ಯಾಂಕಿನವರು ಬಡ್ಡಿಯ ವಿವರವನ್ನು ಇಲಾಖೆಗೆ ಕಳಿಸುತ್ತಾರೆ, ಅದೆಲ್ಲ ಎಐಎಸ್ ಎಂಬ ಪಟ್ಟಿಯಲ್ಲಿ ಸಾಲಾಗಿ ಕೂತಿರುತ್ತದೆ. ಆ ಪಿಡಿಎಫ್ ತೆರೆಯಲು ಪಾಸ್‌ವರ್ಡ್: ಪ್ಯಾನ್ ಸಣ್ಣಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ದಿನ, ತಿಂಗಳು, ವರ್ಷ. ದೊಡ್ಡಕ್ಷರ ಹಾಕಿ ಲ್ಯಾಪ್‌ಟಾಪನ್ನು ಬೈದು ಪ್ರಯೋಜನವಿಲ್ಲ. ಸೊಸೈಟಿಯ ಬಡ್ಡಿ ಅಲ್ಲಿ ಕಾಣದೆಯೂ ಇರಬಹುದು. ಕಾಣದಿದ್ದರೂ ಅದು ಆದಾಯವೇ.

ಪಾಸ್‌ಬುಕ್ ನೋಡಿ ಬಡ್ಡಿ ಕೂಡಿಸಲು ಹೊರಟವರ ಪಾಡು ಬೇರೆ. ಉಳಿತಾಯ ಖಾತೆಯ ಬಡ್ಡಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬೀಳುತ್ತದೆ, ಹುಡುಕಿದರೆ ಸಿಗುತ್ತದೆ. ಆದರೆ ಬಹಳ ಕಾಲ ಎಂಟ್ರಿ ಹಾಕಿಸದ ಪುಸ್ತಕವನ್ನು ಯಂತ್ರದ ಬಾಯಿಗೆ ಕೊಟ್ಟರೆ ಕೆಲವು ಕಡೆ ಹಳೆಯದನ್ನೆಲ್ಲ ಒಟ್ಟು ಮಾಡಿ ಒಂದೇ ಗೆರೆ ಹೊಡೆದು ಕಳಿಸುತ್ತದೆ. ಇನ್ನು ಮೂರು ವರ್ಷಕ್ಕಿಟ್ಟು, ಕೊನೆಗೆ ಒಟ್ಟಿಗೆ ಸಿಗುವ ಎಫ್‌ಡಿಯ ಬಡ್ಡಿ ಪಾಸ್‌ಬುಕ್ಕಿಗೆ ಬಂದಿರುವುದೇ ಇಲ್ಲ. ಆದರೂ ಬ್ಯಾಂಕು ಪ್ರತಿ ವರ್ಷದ ಬಡ್ಡಿಯನ್ನು ಲೆಕ್ಕ ಹಾಕಿ, ಮಿತಿ ದಾಟಿದರೆ ಶೇ. 10 ಹಿಡಿದು ಕಟ್ಟಿರುತ್ತದೆ. ಆದ್ದರಿಂದ ಕೌಂಟರಿನಲ್ಲಿ ಕೇಳಬೇಕಾದದ್ದು ಪಾಸ್‌ಬುಕ್ ಎಂಟ್ರಿಯನ್ನಲ್ಲ, ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಬಡ್ಡಿ ಸರ್ಟಿಫಿಕೇಟನ್ನು. ನೆಟ್ ಬ್ಯಾಂಕಿಂಗ್‌ನಲ್ಲೂ ಸಿಗುತ್ತದೆ. ಕೌಂಟರಿಗೇ ಹೋಗುವುದಾದರೆ "ಸಿಸ್ಟಮ್ ಸ್ಲೋ ಉಂಟು" ಎಂಬ ಮಾತಿಗೆ ತಯಾರಾಗಿ, ಊಟಕ್ಕೆ ಮೊದಲೇ ಹೋಗುವುದು ಒಳ್ಳೆಯದು.

ಮತ್ತೆ ಅಜ್ಜಿಯ ಎಫ್‌ಡಿ. ದುಡ್ಡು ಮೊಮ್ಮಗನದ್ದು, ಜಂಟಿ ಖಾತೆ. ಆದರೆ ಹಿರಿಯರಿಗೆ ಸ್ವಲ್ಪ ಬಡ್ಡಿ ಜಾಸ್ತಿ ಎಂದು ಮೊದಲ ಹೆಸರು ಅಜ್ಜಿಯದ್ದು. ಹಿಡಿದ ತೆರಿಗೆ ಅಜ್ಜಿಯ ಪ್ಯಾನ್‌ಗೆ ಹೋಗುತ್ತದೆ, ಹಿಡಿದ ತೆರಿಗೆಯನ್ನು ತೋರಿಸುವ ಮೊಮ್ಮಗನ 26ಎಎಸ್‌ನಲ್ಲಿ ಎಷ್ಟು ಹುಡುಕಿದರೂ ಕಾಣದು. ಬ್ಯಾಂಕಿಗೆ ಪ್ಯಾನನ್ನೇ ಕೊಟ್ಟಿಲ್ಲವಾದರೆ ಶೇ. 20 ಹೋಯಿತು, ಯಾರ ಲೆಕ್ಕದಲ್ಲೂ ಕಾಣಲಿಲ್ಲ. ಅಜ್ಜಿಗೆ ತೆರಿಗೆಯೇ ಬೀಳದಷ್ಟು ಆದಾಯವಿದ್ದರೆ ಏಪ್ರಿಲ್‌ನಲ್ಲೇ ತೆರಿಗೆ ಹಿಡಿಯಬೇಡಿ ಎನ್ನುವ 15ಎಚ್ ಫಾರ್ಮ್ ಕೊಟ್ಟು ಮುಗಿಸಬಹುದಿತ್ತು. ಈಗ ಆ ರಿಫಂಡಿಗಾಗಿ ಅಜ್ಜಿಯೂ ರಿಟರ್ನ್ ಹಾಕಬೇಕು, ವಿಳ್ಯ ಮೆಲ್ಲುತ್ತಾ.

ತೆರಿಗೆಯ ಹಳೆ ಪದ್ಧತಿ ಹಿಡಿದವರಿಗೆ ರಶೀದಿಗಳ ಕಾಟ ಬೇರೆ. ಆರೋಗ್ಯ ವಿಮೆಯ ಕಂತನ್ನು ನಗದಾಗಿ ಕಟ್ಟಿದ್ದರೆ 80ಡಿ ವಿನಾಯಿತಿ ಇಲ್ಲ. ದೇವಸ್ಥಾನದ ರಶೀದಿಗೆ ಕಾಣಿಕೆಯ ವಿನಾಯಿತಿಗೆ ಬೇಕಾದ 80ಜಿ ನಂಬರೇ ಇಲ್ಲದಿದ್ದರೆ ಪುಣ್ಯ ಮಾತ್ರ, ನಂಬರಿದ್ದರೂ 2,000ಕ್ಕಿಂತ ಹೆಚ್ಚಿನ ನಗದು ಕಾಣಿಕೆಗೆ ಅದೇ ಗತಿ. ಥರ್ಮಲ್ ಕಾಗದದ ಬಿಲ್ಲುಗಳನ್ನು ಬಂದ ದಿನವೇ ಫೋಟೊ ತೆಗೆದಿಡಬೇಕು. ಜುಲೈವರೆಗೆ ಕಪಾಟಿನಲ್ಲಿಟ್ಟರೆ ಅಕ್ಷರ ಮಾಸಿ, ಬೂಸ್ಟು ಹಿಡಿದು, ಔಷಧಿ ಅಂಗಡಿಯ ಹೆಸರೂ ಓದಲು ಬಾರದು.

ರಿಫಂಡ್ ಬರುವ ಖಾತೆಯನ್ನು ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಮಾಡಬೇಕು. ವಿಜಯಾ 2019ರಲ್ಲಿ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಶನ್ ಯೂನಿಯನ್‌ಗೆ ಸೇರಿದವು. ಊರಿನವರ ಬಾಯಲ್ಲಿ ಅದು ಇನ್ನೂ "ನಮ್ಮ ಸಿಂಡಿಕೇಟ್", ಆದರೆ ಎಸ್‌ವೈಎನ್‌ಬಿ ಎಂದು ಶುರುವಾಗುವ ಐಎಫ್‌ಎಸ್‌ಸಿಯನ್ನು ಪೋರ್ಟಲ್ ಒಪ್ಪದು. ಪ್ಯಾನ್‌ನಲ್ಲಿ ಇನಿಶಿಯಲ್ ಮೊದಲು, ಖಾತೆಯಲ್ಲಿ ಮನೆಹೆಸರು ಕೊನೆಗೆ ಇದ್ದರೂ ತಕರಾರು.

ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಆಗಬೇಕು. ಅಜ್ಜಿಯ ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಮಸ್ಕತ್‌ನಲ್ಲಿರುವ ಮಗನ ಹಳೇ ಸಿಮ್‌ನದ್ದಾದರೆ ಒಟಿಪಿ ಅಲ್ಲಿಗೆ ಹೋಗುತ್ತದೆ, 15 ನಿಮಿಷ ಮಾತ್ರ ಬದುಕುತ್ತದೆ, ಮಗ ಡ್ಯೂಟಿಯಲ್ಲಿರುತ್ತಾನೆ. ಅದರ ಬದಲು ರಿಟರ್ನ್ ಸಲ್ಲಿಸಿದ್ದಕ್ಕೆ ಸಿಗುವ ಐಟಿಆರ್-ವಿ ಎಂಬ ಸ್ವೀಕೃತಿಯ ಪ್ರಿಂಟ್ ತೆಗೆದು, ಅಜ್ಜಿಯ ಸಹಿ ಹಾಕಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಇಲಾಖೆಯ ಬೆಂಗಳೂರಿನ ಕೇಂದ್ರ ಸಿಪಿಸಿಗೆ ಕಳಿಸಿದರೂ ನಡೆಯುತ್ತದೆ. ಲಕೋಟೆಗೆ ಪ್ಲಾಸ್ಟಿಕ್ ಹಾಕಿ. ಅಂಚೆ ಕಚೇರಿವರೆಗೆ ಮಳೆ ಉಂಟು.