ಬಳ್ಳಾರಿಯ ಹೆಸರೂ ಬರಬೇಕಿತ್ತು

ಜೆ.ಆರ್.ಡಿ. ಟಾಟಾ ಅವರ 1932ರ ಅಂಚೆ ವಿಮಾನದ ಕುರಿತ ಲೇಖನ ಓದಿ ಖುಷಿಯಾಯಿತು. ಆದರೆ ಕಥೆ ಬೊಂಬಾಯಿಗೇ ನಿಂತುಬಿಟ್ಟಿದೆ. ಆ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬೊಂಬಾಯಿಯ ಜುಹೂಗೆ ಬಂದಿಳಿದರು, ನಿಜ. ಅಲ್ಲಿಂದ ಅಂಚೆಯನ್ನು ಬಳ್ಳಾರಿ ಮೂಲಕ ಮದ್ರಾಸಿಗೆ ಮುಟ್ಟಿಸಿದವರು ನೆವಿಲ್ ವಿನ್ಸೆಂಟ್. ನಮ್ಮ ಬಳ್ಳಾರಿ ಟಾಟಾ ಅಂಚೆ ವಿಮಾನದ ಆ ಮೊದಲ ಮಾರ್ಗದಲ್ಲೇ ಇತ್ತು ಅನ್ನೋದನ್ನು ಹೇಳದೆ ಬಿಟ್ಟರೆ ಹೇಗೆ?

ವಿನ್ಸೆಂಟ್ ಬರೀ ಪೈಲಟ್ ಅಲ್ಲ. ಬ್ರಿಟಿಷ್ ವಾಯುಪಡೆಯಲ್ಲಿದ್ದು ಬಂದವರು. ಅಂಚೆ ವಿಮಾನದ ಯೋಜನೆಯನ್ನು ಟಾಟಾ ಅವರ ಮುಂದಿಟ್ಟವರೇ ಅವರು. ಸರ್ಕಾರದ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾದು, ಕೊನೆಗೆ ಎರಡು ಪುಟ್ಟ ಪುಸ್ ಮಾತ್ ವಿಮಾನಗಳಿಂದ ಶುರು ಮಾಡಿದರು. 1942ರಲ್ಲಿ, ಯುದ್ಧದ ನಡುವೆ, ವಿಮಾನ ಪ್ರಯಾಣದಲ್ಲೇ ತೀರಿಕೊಂಡರು. ಇಷ್ಟು ಮಾಡಿದವರಿಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದ್ದು ನನಗೆ ಬೇಸರ ತಂದಿತು.

ಇನ್ನು ನೆಲದ ಮೇಲಿದ್ದವರ ಮಾತು. ಅಹಮದಾಬಾದಿನಲ್ಲಿ ಇಂಧನ ಬಂದದ್ದು ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ ಡಬ್ಬಗಳಲ್ಲಿ! ದಾರಿಯುದ್ದಕ್ಕೂ ರೇಡಿಯೊ ಇಲ್ಲ, ನೆಲದಿಂದ ದಿಕ್ಕು ತೋರುವ ನೆರವಿಲ್ಲ. ಜುಹೂ ಮೈದಾನವೋ ಮಳೆಗಾಲದಲ್ಲಿ ನೀರು ತುಂಬಿ ಇಳಿಯಲಾಗದಂತಾಗುತ್ತಿತ್ತು, ಆಗ ಪುಣೆಗೆ ಹೋಗಬೇಕಿತ್ತು. ಅಂಥ ಮೈದಾನವನ್ನು ನೋಡಿಕೊಂಡವರು, ಡಬ್ಬ ಹೊತ್ತವರು, ಅಂಚೆ ಚೀಲ ಎಣಿಸಿ ಒಳಗಿಟ್ಟವರು, ಇವರಿಲ್ಲದೆ ಯಾವ ವಿಮಾನ ತಾನೇ ಹಾರುತ್ತಿತ್ತು? ಮೊದಲ ಪೂರ್ಣ ವರ್ಷ 1933ರಲ್ಲಿ ಟಾಟಾ ವಿಮಾನಗಳು ಸುಮಾರು 1,60,000 ಮೈಲಿ ಹಾರಿ, ಹತ್ತು ಟನ್ನಿಗೂ ಹೆಚ್ಚು ಅಂಚೆ ಸಾಗಿಸಿವೆ. ಅದರಲ್ಲಿ ಬಳ್ಳಾರಿಯ ಮೈದಾನದಲ್ಲಿ ದುಡಿದವರ ಬೆವರೂ ಇದೆ. ಲೇಖಕರು ದಯವಿಟ್ಟು ಇನ್ನೊಂದು ಕಂತು ಬರೆಯಲಿ, ಈ ಸಲ ಬಳ್ಳಾರಿಯಿಂದ ಶುರುಮಾಡಲಿ.