ಸಾಲದ ಫೈಲಿನಲ್ಲಿ ರಾಷ್ಟ್ರಕೂಟರು

ಧಾರವಾಡದ ಬಸ್ಸಿನಲ್ಲಿ ಪುಸ್ತಕ ಹಿಡಿದು ಕೂತರೆ ಪಕ್ಕದವರು ಕೇಳೋದು ಒಂದೇ, "ಕೆಎಎಸ್ಸೋ, ಪಿಎಸ್‌ಐಯೋ?" ಸಪ್ತಾಪುರದ ತುಂಬ ಕೋಚಿಂಗ್ ಸೆಂಟರ್ ಇರುವ ಊರು, ಅವರ ತಪ್ಪೇನಿಲ್ಲ. "ಎಂಎ, ಹಿಸ್ಟರಿ" ಅಂದರೆ ನನ್ನ ನರೆತ ಕೂದಲು ನೋಡಿ ಸುಮ್ಮನಾಗುತ್ತಾರೆ. ಆಮೇಲೆ ಮೆಲ್ಲಗೆ, "ಪ್ರಮೋಷನ್ ಸಿಗತದೇನ್ರಿ ಅದರಿಂದ?" ಸಿಗೋದಿಲ್ಲ. ಹುಬ್ಬಳ್ಳಿಯ ಸಹಕಾರಿ ಸಂಘವೊಂದರ ಸಾಲ ವಿಭಾಗದಲ್ಲಿ ಕೂತವಳಿಗೆ ಚಾಲುಕ್ಯರು ಇನ್‌ಕ್ರಿಮೆಂಟ್ ಕೊಡ್ತಾರಾ?

ಓದೋದಕ್ಕೆ ಪುರುಸೊತ್ತು ಸಿಗೋದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲೇ. ಸಂಜೆ ಸೀಟು ಸಿಕ್ಕರೆ ಉಣಕಲ್ ಕೆರೆ ಹತ್ತಿರ ರಾಷ್ಟ್ರಕೂಟರ ದೊರೆ ದಂತಿದುರ್ಗ ಶುರುವಾಗಿ ನವಲೂರಿಗೆ ಅಮೋಘವರ್ಷ ಬಂದಿರುತ್ತಾನೆ. ಅರವತ್ತು ವರ್ಷಕ್ಕೂ ಜಾಸ್ತಿ ಆಳಿದವನು. ನಮ್ಮ ಕ್ಯಾಷಿಯರ್ ಬಿಟ್ಟರೆ ಅಷ್ಟು ಕಾಲ ಒಂದೇ ಕುರ್ಚಿಯಲ್ಲಿ ಕೂತವರನ್ನು ನಾನು ಕಂಡಿಲ್ಲ. ಮನೆಗೆ ಬಂದರೆ ಅತ್ತೆಯ ಸ್ವಾಗತ: "ಸತ್ತವರ ಇಸ್ವಿ ಬಾಯಿಪಾಠ ಮಾಡಾಕತ್ತೀಯಲ್ಲವಾ, ಇದ್ದವರ ಗುಳಗಿ ಟೈಮಾರ ನೆನಪಿಟ್ಕೋ."

ನೋಟ್ಸಿನ ಪಾಡು ಇನ್ನೊಂದು. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಓಲೆ ಪ್ರತಿ ಮಾಡಿಸಿ ಹಂಚಿದಳು ಅಂತ ಪಾಠದಲ್ಲಿದೆ. ಆ ಪಾಠದ್ದೇ ಒಂದು ಪ್ರತಿ ಮಾಡಿಸೋಣ ಅಂತ ಹೋದರೆ ಜೆರಾಕ್ಸ್ ಅಂಗಡಿಯವನು, "ಟೋನರ್ ಮುಗದೈತ್ರಿ, ನಾಳೆ ಬರ್ರಿ" ಅಂದ. ನಾಳೆ ಪರೀಕ್ಷೆ! ಬೇಡಿಕೊಂಡ ಮೇಲೆ ಟೋನರ್ ಡಬ್ಬಿಯನ್ನು ಗಡಗಡ ಅಲ್ಲಾಡಿಸಿ ಹೇಗೋ ತೆಗೆದುಕೊಟ್ಟ. ಪ್ರತಿ ಸಾಲಿನಲ್ಲೂ ಎಡಗಡೆಯ ಎರಡಕ್ಷರ ಮಾಯ. ತ್ರುಟಿತ ಶಾಸನ ಓದೋ ಅಭ್ಯಾಸ ಆಗಲಿ ಅಂತಲೇ ಮಾಡಿದನೋ ಏನೋ.

ಅಂದಿನಿಂದ ಊಟದ ಬಿಡುವಿನಲ್ಲಿ, ರದ್ದಾದ ಸಾಲದ ಅರ್ಜಿಗಳ ಹಿಂಬದಿಯಲ್ಲಿ ಕೈಯಲ್ಲೇ ನೋಟ್ಸ್ ಬರೆದುಕೊಳ್ಳುತ್ತೇನೆ. ಒಂದು ದಿನ ನಮ್ಮ ಸಿಪಾಯಿ ಮೇಜು ಒರೆಸೋ ಭರದಲ್ಲಿ ಅದರ ಒಂದು ಹಾಳೆಯನ್ನು ಯಾವುದೋ ಫೈಲಿಗೆ ಸೇರಿಸಿ ಟ್ಯಾಗ್ ಬಿಗಿದುಬಿಟ್ಟ. ಟ್ರ್ಯಾಕ್ಟರ್ ಸಾಲಕ್ಕೆ ಬಂದಿದ್ದ ಅಣ್ಣಿಗೇರಿ ಕಡೆಯ ಹಿರಿಯರು ಸಹಿ ಮಾಡೋ ಮುಂಚೆ ಎಲ್ಲ ಓದುವ ಪೈಕಿ. ಕನ್ನಡಕ ಏರಿಸಿ, ಬೆರಳಿಟ್ಟು, ಜೋರಾಗಿ ಓದಿದರು: ದಂತಿದುರ್ಗ, ಕೃಷ್ಣ, ಗೋವಿಂದ, ಧ್ರುವ, ಗೋವಿಂದ, ಅಮೋಘವರ್ಷ.

"ಇವರ‍್ಯಾರ್ರೀ ಅಕ್ಕಾರ? ನನ್ನ ಜಾಮೀನುದಾರರು ಇಬ್ಬರ ಅದಾರ. ಅದರಾಗ ಈ ಗೋವಿಂದ ಎರಡ ಸಲ ಯಾಕ ಬಂದಾನ?"

ಅವನು ಬೇರೆ ಗೋವಿಂದ, ಇವನು ಅವನ ತಮ್ಮನ ಮಗ ಅಂತ ವಿವರಿಸಿದೆ. ಅವರಿಗೆ ಇನ್ನೂ ಗಾಬರಿಯಾಯಿತು. "ಅಣ್ತಮ್ಮರ ವ್ಯಾಜ್ಯ ಏನರ ಐತೇನ್ರಿ?" ಇತ್ತು, ಧ್ರುವ ಅಣ್ಣನನ್ನು ಇಳಿಸಿಯೇ ಪಟ್ಟಕ್ಕೇರಿದ್ದು. ಅದನ್ನು ಹೇಳಲಿಲ್ಲ.

ಗದ್ದಲ ಕೇಳಿ ಮ್ಯಾನೇಜರ್ ಸಾಹೇಬರು ಫೈಲು ತರಿಸಿಕೊಂಡರು. ಬೈಯ್ತಾರೆ ಅಂದುಕೊಂಡೆ. ಅವರ ಕಣ್ಣು ಹಾಳೆಯ ಕೆಳಗೆ ನಿಂತಿತ್ತು. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪ ಅಲ್ಲಿತ್ತು: ತಾನು ಕೊಟ್ಟದ್ದಿರಲಿ, ಪರರು ಕೊಟ್ಟದ್ದಿರಲಿ, ದಾನದ ಭೂಮಿ ಕಸಿದವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ಸಾಹೇಬರು ಎರಡು ಸಲ ಓದಿದರು. ಸುಸ್ತಿದಾರರ ಪಟ್ಟಿಯನ್ನು ಹತ್ತಿರ ಎಳೆದುಕೊಂಡರು.

"ಮೇಡಂ, ಇದನ್ನ ನಮ್ಮ ನೋಟಿಸಿನ್ಯಾಗ ಹಾಕಾಕ ಬರತದೇನ್ರಿ?"

"ಇಲ್ಲ ಸರ್, ಇದು ದಾನದ ಭೂಮಿಗೆ. ಅಡವಿಟ್ಟ ಹೊಲಕ್ಕಲ್ಲ" ಅಂದೆ. ಅವರಿಗೆ ನಿಜವಾಗಿ ಬೇಜಾರಾಯಿತು.