ಹಸಿರು ನಕ್ಷೆ ಹಂಚುವ ಮುಂಚೆ ಸಾವಿರ ಕಳೆದಿದ್ದೀರಾ ನೋಡಿ

ಬೇಸಿಗೆ ಬಂತೆಂದರೆ ಬೆಂಗಳೂರಿನ ಹಸಿರು ಎಷ್ಟು ಕರಗಿದೆ ಅಂತ ತೋರಿಸುವ ಎನ್‌ಡಿವಿಐ (ಉಪಗ್ರಹ ಚಿತ್ರದಿಂದ ಗಿಡಮರಗಳ ಹಸಿರನ್ನು ಅಳೆಯುವ ಸೂಚ್ಯಂಕ) ನಕ್ಷೆಗಳು ಇಲ್ಲಿ ಓಡಾಡುತ್ತವೆ. ಮರಗಳು ಹೋಗಿರುವುದು ನಿಜ, ಅದಕ್ಕೆ ಮರುಗುವುದೂ ಸರಿ. ಆದರೆ 2021ರ ಮತ್ತು 2023ರ ಸೆಂಟಿನೆಲ್-2 (ಯುರೋಪಿನ ಉಪಗ್ರಹ) ಚಿತ್ರಗಳನ್ನು ಪಕ್ಕಪಕ್ಕ ಇಟ್ಟಿದ್ದರೆ ನಾನು ಮೊದಲು ಕೇಳುವುದು ಇಷ್ಟೇ: ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ (ಚಿತ್ರದ ಪ್ರತಿ ಚುಕ್ಕೆಗೂ ಸೂತ್ರ ಹಾಕುವ ಸಾಧನ) ಏನು ಬರೆದಿರಿ?

2022ರ ಜನವರಿ 25ರಿಂದ ಸೆಂಟಿನೆಲ್-2ರ ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) ಮೌಲ್ಯಗಳಿಗೆ 1000 ಕೂಡಿಸಿ ಕೊಡುತ್ತಿದ್ದಾರೆ. ತೀರಾ ಕಪ್ಪು ಜಾಗಗಳಲ್ಲಿ ಸೊನ್ನೆಗಿಂತ ಕೆಳಗಿಳಿಯುವ ಮೌಲ್ಯಗಳು ಕಳೆದುಹೋಗಬಾರದು ಅನ್ನುವುದು ಉದ್ದೇಶ. ಹಾಗಾಗಿ ಮೊದಲು 1000 ಕಳೆದು, ಆಮೇಲೆ 10000ದಿಂದ ಭಾಗಿಸಬೇಕು. ಇನ್‌ಫ್ರಾರೆಡ್ ಬ್ಯಾಂಡಿನಿಂದ (ಬ್ಯಾಂಡ್ ಅಂದರೆ ಒಂದು ಬಗೆಯ ಬೆಳಕಿನ ಪದರ) ಕೆಂಪು ಬ್ಯಾಂಡನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ‘ಎನ್‌ಡಿವಿಐ ಬರೀ ಅನುಪಾತ, ಎಲ್ಲ ಹೊಡೆದುಹೋಗುತ್ತೆ’ ಅನ್ನುವವರು ತುಂಬಾ ಜನ. ಗುಣಿಸಿದ ಸಂಖ್ಯೆ ಹೊಡೆದುಹೋಗುತ್ತದೆ, ಕೂಡಿಸಿದ್ದು ಹೋಗುವುದಿಲ್ಲ.

ಲಾಲ್‌ಬಾಗ್‌ನ ದಟ್ಟ ಮರದ ಒಂದು ಪಿಕ್ಸೆಲ್‌ನಲ್ಲಿ ಕೆಂಪು ಬ್ಯಾಂಡ್ 1400, ಇನ್‌ಫ್ರಾರೆಡ್ ಬ್ಯಾಂಡ್ 3400 ಇದೆ ಅಂದುಕೊಳ್ಳಿ. ಹಾಗೇ ಹಾಕಿದರೆ 2000 / 4800, ಅಂದರೆ 0.42. ಸಾವಿರ ಕಳೆದು ಹಾಕಿದರೆ 2000 / 2800, ಅಂದರೆ 0.71. ಮರ ಅಲ್ಲೇ ಇದೆ, ನಕ್ಷೆಯಲ್ಲಿ ಮಾತ್ರ ಒಣಗಿತು! ಹಳೆಯ ಚಿತ್ರಗಳನ್ನೂ ಮರುಸಂಸ್ಕರಿಸಿ ಬಿಟ್ಟಿರುವುದರಿಂದ ತಾರೀಖು ನೋಡಿ ತೀರ್ಮಾನಿಸಬೇಡಿ. ಚಿತ್ರದ ಜೊತೆಗೆ ಬರುವ ಮೆಟಾಡೇಟಾ (ವಿವರಗಳ) ಫೈಲ್‌ನಲ್ಲಿ ಆಫ್‌ಸೆಟ್ -1000 ಅಂತ ಇದೆಯಾ ನೋಡಿ. ಕೆಲವು ಜಾಲತಾಣಗಳು ತಾವೇ ಕಳೆದು ಕೊಡುತ್ತವೆ. ಅಲ್ಲಿ ಇನ್ನೊಮ್ಮೆ ಕಳೆದರೆ ಅದೂ ತಪ್ಪು.

ನೆಲದ ಬಿಸಿ ತೋರಿಸುವ ನಕ್ಷೆಗಳಲ್ಲೂ ಇದೇ ಪಾಡು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಕಲೆಕ್ಷನ್ 2, ಲೆವೆಲ್ 2 ದತ್ತಾಂಶದ ತಾಪಮಾನದ ಬ್ಯಾಂಡನ್ನು 0.00341802ರಿಂದ ಗುಣಿಸಿ 149 ಕೂಡಿಸಿದರೆ ಕೆಲ್ವಿನ್, ಅದರಲ್ಲಿ 273.15 ಕಳೆದರೆ ಸೆಲ್ಸಿಯಸ್. ಖಾಲಿ ಪಿಕ್ಸೆಲ್‌ಗಳ ಮೌಲ್ಯ ಸೊನ್ನೆ. ಅದನ್ನು ನೋಡೇಟಾ (ಮಾಹಿತಿ ಇಲ್ಲದ್ದು) ಅಂತ ಗುರುತಿಸದೆ ಸೂತ್ರಕ್ಕೆ ಕೊಟ್ಟರೆ -124.15 ಡಿಗ್ರಿ ಬರುತ್ತದೆ, ವಾರ್ಡಿನ ಸರಾಸರಿಯೇ ಕುಸಿಯುತ್ತದೆ. ಲ್ಯಾಂಡ್‌ಸ್ಯಾಟ್ 8, 9ರಲ್ಲಿ ಒಂದು ಪಿಕ್ಸೆಲ್‌ನ ಮೂಲ ಅಳತೆ 100 ಮೀಟರಿನದು, ಕೊಡುವಾಗ 30 ಮೀಟರ್ ಮಾಡಿರುತ್ತಾರೆ. ಅದನ್ನಿಟ್ಟುಕೊಂಡು ನಿಮ್ಮ ಅಡ್ಡರಸ್ತೆಗಿಂತ ಪಕ್ಕದ್ದು ತಂಪು ಅನ್ನಬೇಡಿ. ಅದು ಗಾಳಿಯ ಉಷ್ಣವೂ ಅಲ್ಲ, ತಾರಸಿ, ಟಾರು, ಎಲೆಗಳ ಮೇಲ್ಮೈಯದು.

ಮಾಸ್ಕ್ (ಬೇಕಾದ ಜಾಗಕ್ಕೆ 1, ಬೇಡದ್ದಕ್ಕೆ 0 ಇಟ್ಟ ಪದರ) ವಿಚಾರದಲ್ಲೂ ಎಚ್ಚರ ಬೇಕು. ಕೆರೆ ಬಿಟ್ಟು ಉಳಿದದ್ದರ ಸರಾಸರಿ ಬೇಕೆಂದು 1 ಮತ್ತು 0ರ ಮಾಸ್ಕ್‌ನಿಂದ ಗುಣಿಸಿದರೆ ಕೆರೆಯ ಜಾಗವೆಲ್ಲ ಸೊನ್ನೆಯಾಗಿ ಲೆಕ್ಕಕ್ಕೆ ಸೇರುತ್ತದೆ. ನಕ್ಷೆ ತಂತ್ರಾಂಶ ಕ್ಯುಜಿಐಎಸ್‌ನ ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ ಗುಣಿಸುವ ಬದಲು ಮಾಸ್ಕ್‌ನಿಂದ ಭಾಗಿಸಿ: ಸೊನ್ನೆಯಿಂದ ಭಾಗಿಸಿದ ಪಿಕ್ಸೆಲ್ ನೋಡೇಟಾ ಆಗಿ ಹೊರಗುಳಿಯುತ್ತದೆ. ಇದೇ ಕೆಲಸಕ್ಕೆ ಜಿಡಾಲ್ ಕ್ಯಾಲ್ಕ್ ಅನ್ನುವ ಕಮಾಂಡ್ ಬಳಸುವವರು ಮೊದಲು ಬ್ಯಾಂಡುಗಳನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿಕೊಳ್ಳಿ. 16 ಬಿಟ್‌ನ ಚಿಹ್ನೆಯಿಲ್ಲದ ಪೂರ್ಣಾಂಕದಲ್ಲಿ 1400ರಿಂದ 3400 ಕಳೆದರೆ -2000 ಬರುವುದಿಲ್ಲ, 63536 ಬರುತ್ತದೆ. ನೀರಿನಲ್ಲಿ ಇನ್‌ಫ್ರಾರೆಡ್ ಸಾಮಾನ್ಯವಾಗಿ ಕೆಂಪಿಗಿಂತ ಕಡಿಮೆ, ಹಾಗಾಗಿ ನೀರಿನ ಪಿಕ್ಸೆಲ್‌ಗಳು ಇದ್ದಕ್ಕಿದ್ದಂತೆ ವಿಪರೀತ ಹಸಿರಾಗುವುದು ಹೀಗೆ.

ಬೆಳ್ಳಂದೂರು ಕೆರೆಯಲ್ಲಿ ಹಸಿರು ಕಂಡರೆ ಮಾತ್ರ ಸೂತ್ರವನ್ನು ಬೈಯಬೇಡಿ. ನೀರಿನ ಮೇಲೆ ಹರಡಿದ ಕಳೆಯೂ ಎನ್‌ಡಿವಿಐಗೆ ಹಸಿರೇ. ಕೆರೆಯ ಗಡಿಯನ್ನು ಬೇರೆ ಪದರವಾಗಿ ಹಾಕಿಕೊಂಡು ಆ ಭಾಗವನ್ನು ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು.